ಕಾಲುದಾರಿ ಇಬ್ಬರದೂ
(ಹಳಿಯಾಳ ಸೀಮೆಯ ಒಂದು ಗ್ರಾಮಸಭೆಯಲ್ಲಿ ಮಾಡಿದ ಭಾಷಣ)



ಬೀಜ, ಗೊಬ್ಬರ, ನೀರು, ಸಾಲ ಇವುಗಳ ಮಾತು ಈ ಸಭೆಯಲ್ಲಿ ದಿನವೂ ಆಗುತ್ತದೆ. ಇಂದು ನಾನು ಅವುಗಳನ್ನು ಬಿಟ್ಟು ದಾರಿಯ ಮಾತನ್ನು ಆಡಬೇಕೆಂದು ಬಂದಿದ್ದೇನೆ. ದೊಡ್ಡ ಡಾಂಬರು ರಸ್ತೆಯ ಮಾತಲ್ಲ. ಮನೆಯಿಂದ ಹೊಲಕ್ಕೆ, ಹೊಲದಿಂದ ಹಾಲಿನ ಡೇರಿಗೆ, ಡೇರಿಯಿಂದ ಶಾಲೆಗೆ, ಶಾಲೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಹೋಗುವ ನಮ್ಮ ಕಾಲುದಾರಿಯ ಮಾತು. ಒಂದು ಮಾರು, ಒಂದೂವರೆ ಮಾರು ಅಗಲದ ಈ ದಾರಿಯಲ್ಲಿ ನಡೆದು ಹೋಗುವವರೂ ಇದ್ದಾರೆ, ಸೈಕಲ್ಲಿನ ಮೇಲೆ ಹೋಗುವವರೂ ಇದ್ದಾರೆ. ಇಬ್ಬರಿಗೂ ದಾರಿ ಬೇಕು. ಒಬ್ಬರಿಂದೊಬ್ಬರಿಗೆ ಪೆಟ್ಟಾಗಬಾರದು. ಅದಕ್ಕೆ ಏನು ಮಾಡಬೇಕು ಎಂಬುದೇ ಇಂದಿನ ವಿಷಯ.

‘ಸೈಕಲ್ಲು ತಾಗಿದರೆ ಏನಾದೀತು, ಅದೇನು ಲಾರಿಯೇ?’ ಎಂದು ಕೆಲವರು ಕೇಳುತ್ತಾರೆ. ಅವರಿಗೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಮೊದಲು ಹೇಳಿಬಿಡುತ್ತೇನೆ.

1982ನೆಯ ಇಸವಿ, ಆಷಾಢ ಮಾಸ. ನನಗೆ ಆಗ ಹದಿನೇಳು ವರ್ಷ. ಬತ್ತದ ಗದ್ದೆಯಲ್ಲಿ ಕಳೆ ತೆಗೆಯುವ ಕಾಲ. ಸಣ್ಣಗೆ ಮಳೆ ಹನಿಯುತ್ತಿತ್ತು. ನಾನು ಅಪ್ಪನ ಹಳೆಯ ಸೈಕಲ್ಲನ್ನು ಏರಿ ನಮ್ಮೂರ ಇಳಿಜಾರಿನಲ್ಲಿ ಪೆಡಲು ತುಳಿಯದೆ ಬಿಟ್ಟುಕೊಂಡು ಬರುತ್ತಿದ್ದೆ. ತಿರುವಿನಲ್ಲಿ ಒಬ್ಬ ತಾಯಿ ತಲೆಯ ಮೇಲೆ ಹಸಿಹುಲ್ಲಿನ ಹೊರೆ ಹೊತ್ತು, ಕಂಬಳಿಕೊಪ್ಪೆ ಹಾಕಿಕೊಂಡು ಮುಂದೆ ನಡೆಯುತ್ತಿದ್ದಳು. ನಾನು ಹತ್ತಿರ ಬಂದ ಮೇಲೆ ಬೆಲ್ಲು ಹೊಡೆದೆ. ಆಕೆ ಎಡಕ್ಕೆ ಸರಿದಳು, ಕೂಡಲೆ ಮತ್ತೆ ಬಲಕ್ಕೆ ಬಂದಳು. ನಾನೂ ಬಲಕ್ಕೇ ತಿರುಗಿಸಿದ್ದೆ. ಬ್ರೇಕು ಹಿಡಿದೆ, ಗಾಲಿ ಜಾರಿತು. ಇಬ್ಬರೂ ಬಿದ್ದೆವು. ನನಗೆ ಮೊಣಕಾಲು ಕೆತ್ತಿತು, ಅಷ್ಟೇ. ಆಕೆಗೆ ಸೊಂಟದ ಎಲುಬು ಮುರಿಯಿತು.

ಚಕ್ಕಡಿಯಲ್ಲಿ ಹುಲ್ಲು ಹಾಸಿ ಆಕೆಯನ್ನು ಡಾಂಬರು ರಸ್ತೆಗೆ ಒಯ್ದರು, ಅಲ್ಲಿಂದ ಧಾರವಾಡಕ್ಕೆ. ಆಸ್ಪತ್ರೆಯ ಖರ್ಚಿಗಾಗಿ ನನ್ನ ತಂದೆ ಜೋಡಿಯಲ್ಲಿ ಒಂದು ಎತ್ತನ್ನು ಮಾರಿದರು. ಆ ವರ್ಷ ನಮ್ಮ ಹೊಲದಲ್ಲಿ ಎಡೆ ಹೊಡೆಯುವ ಕೆಲಸಕ್ಕೆ ಬೇರೆಯವರ ಎತ್ತನ್ನು ಬೇಡಬೇಕಾಯಿತು. ಆಕೆಯ ಮನೆಯಲ್ಲಿ ದುಡಿಯುವ ಕೈ ಒಂದು ನಿಂತೇಹೋಯಿತು. ನಾಲ್ಕು ತಿಂಗಳ ಮೇಲೆ ನಾನು ಕಾಣಲು ಹೋದಾಗ ಆಕೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಬಯ್ಯಲಿಲ್ಲ. ಒಂದೇ ಮಾತು ಹೇಳಿದಳು: ‘ತಮ್ಮಾ, ಬೆಲ್ಲು ನನಗ ಕೇಳಿತು. ಆದರ ನೀ ಯಾವ ಕಡೆಯಿಂದ ಬರ್ತೀಯೋ ತಿಳೀಲಿಲ್ಲ.’

ಬಾಂಧವರೇ, ನಾನು ಇಂದು ಹೇಳಬೇಕಾದದ್ದೆಲ್ಲ ಆ ತಾಯಿಯ ಮಾತಿನಲ್ಲಿಯೇ ಇದೆ. ಬೆಲ್ಲು ಹೊಡೆದೆನೆಂದು ನಾನು ನನ್ನ ಹೊಣೆ ಮುಗಿಯಿತೆಂದು ತಿಳಿದಿದ್ದೆ. ಬೆಲ್ಲು ‘ನಾನು ಇದ್ದೇನೆ’ ಎಂದಷ್ಟೇ ಹೇಳುತ್ತದೆ. ‘ನಾನು ಎಲ್ಲಿ ಹೋಗುತ್ತೇನೆ, ನೀವು ಎಲ್ಲಿ ನಿಲ್ಲಬೇಕು’ ಎಂಬುದನ್ನು ಹೇಳುವುದಿಲ್ಲ. ಅದನ್ನು ಇಬ್ಬರೂ ಮೊದಲೇ ಗೊತ್ತುಮಾಡಿಕೊಂಡಿರಬೇಕು.

ಇದಕ್ಕೆ ನಮ್ಮ ಕಣ್ಣ ಮುಂದೆಯೇ ಒಂದು ಉದಾಹರಣೆಯಿದೆ. ಗುಡಿಯಲ್ಲಿ ಜಾತ್ರೆಯ ದಿನ ನೂರಾರು ಜನ ಇಕ್ಕಟ್ಟಿನ ಪ್ರಾಂಗಣದಲ್ಲಿ ಪ್ರದಕ್ಷಿಣೆ ಹಾಕುತ್ತಾರೆ. ಮುದುಕರಿರುತ್ತಾರೆ, ಮಕ್ಕಳಿರುತ್ತಾರೆ, ಕಣ್ಣು ಮುಚ್ಚಿ ಕೈಮುಗಿದು ನಡೆಯುವವರೂ ಇರುತ್ತಾರೆ. ಆದರೂ ಎದುರುಬದುರು ಡಿಕ್ಕಿ ಆಗುವುದಿಲ್ಲ. ಏಕೆ? ದೇವರನ್ನು ಬಲಕ್ಕೆ ಇಟ್ಟುಕೊಂಡು ನಡೆಯಬೇಕೆಂಬ ಒಂದು ನಿಯಮ ಎಲ್ಲರಿಗೂ ತಿಳಿದಿದೆ. ಮುಂಡಗೋಡದ ಹತ್ತಿರ 1966ರಲ್ಲಿ ನೆಲೆಯಾದ ಟಿಬೇಟಿಯನ್ ವಸತಿಗೆ ಹೋದವರು ನೋಡಿರಬಹುದು, ಅಲ್ಲಿಯ ವೃದ್ಧರೂ ಜಪಮಾಲೆ ಹಿಡಿದು ಹೀಗೆಯೇ ಒಂದೇ ಕಡೆಗೆ ಸುತ್ತುತ್ತಾರೆ. ಅಲ್ಲಿ ಪೊಲೀಸರು ನಿಂತು ಕೈ ತೋರಿಸಬೇಕಾಗಿಲ್ಲ. ಎಲ್ಲರಿಗೂ ತಿಳಿದ ನಿಯಮ ಒಂದಿದ್ದರೆ ಕುರುಡನೂ ನಿರ್ಭಯವಾಗಿ ನಡೆಯಬಲ್ಲನು.

ನಮ್ಮ ನಾಲ್ಕೂ ಕಡೆಯ ದಾರಿಗಳು ಒಂದೇ ತರಹದವಲ್ಲ. ಜೋಯಿಡಾದಲ್ಲಿ ಮಳೆ ಬಹಳ, ದಾರಿಯೆಲ್ಲ ಏರು ಇಳಿವು, ಎರಡೂ ಕಡೆ ಕಾಡು, ನಡುನಡುವೆ ಹಳ್ಳಕ್ಕೆ ಹಾಕಿದ ಸಂಕ. ಹಳಿಯಾಳ ಮುಂಡಗೋಡಗಳಲ್ಲಿ ಗದ್ದೆಯ ಬದುವಿನ ಮೇಲಿನ ದಾರಿ, ಕಬ್ಬು ಮತ್ತು ಗೋವಿನಜೋಳದ ನಡುವಿನ ದಾರಿ. ಕಬ್ಬು ಸಾಗುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಡಾಂಬರನ್ನೆಲ್ಲ ಹಿಡಿದುಕೊಂಡಾಗ ಸೈಕಲ್ಲಿನವರೂ ನಡೆಯುವವರೂ ರಸ್ತೆಯ ಅಂಚಿನ ಮಣ್ಣಿಗೆ ಇಳಿಯಬೇಕಾಗುತ್ತದೆ. ದಾಂಡೇಲಿಯಲ್ಲಿ 1955ರಲ್ಲಿ ಕಾಗದದ ಕಾರಖಾನೆ ಸ್ಥಾಪನೆಯಾದಂದಿನಿಂದ ಪಾಳಿಯ ಕೆಲಸ ರೂಢಿಯಾಯಿತು. ಪಾಳಿ ಬಿಟ್ಟ ಹೊತ್ತಿನಲ್ಲಿ ಮನೆ ಸೇರುವ ಅವಸರ ಎಲ್ಲರಿಗೂ ಒಂದೇ. ಮಾಘ ಮಾಸದಲ್ಲಿ ಉಳವಿ ಚನ್ನಬಸವೇಶ್ವರನ ಜಾತ್ರೆಗೆ ಚಕ್ಕಡಿಗಳೂ ಕಾಲುನಡಿಗೆಯ ಯಾತ್ರಿಕರೂ ಈ ಸೀಮೆಯನ್ನು ಹಾದು ಹೋಗುವುದನ್ನು ನೀವೇ ಬಲ್ಲಿರಿ. ದಾರಿ ಬೇರೆಯಾದರೂ ಕಷ್ಟ ಒಂದೇ: ಜಾಗ ಸ್ವಲ್ಪ, ಹೋಗುವವರು ಬಹಳ, ಒಬ್ಬೊಬ್ಬರ ವೇಗ ಒಂದೊಂದು ತರಹ.

ವೇಗದ ಲೆಕ್ಕವನ್ನು ಸ್ವಲ್ಪ ನೋಡೋಣ. ನಡೆಯುವವನು ಗಂಟೆಗೆ ನಾಲ್ಕೈದು ಕಿಲೋಮೀಟರು ಹೋಗುತ್ತಾನೆ. ಸಮದಾರಿಯಲ್ಲಿ ಸೈಕಲ್ಲು ಗಂಟೆಗೆ 15 ಕಿಲೋಮೀಟರು ಹೋಗುತ್ತದೆ, ಎಂದರೆ ಒಂದು ಸೆಕೆಂಡಿಗೆ ನಾಲ್ಕು ಮೀಟರಿಗಿಂತ ಹೆಚ್ಚು. ಎದುರಿಗೆ ಮಗು ಬಂದದ್ದನ್ನು ಕಣ್ಣು ಕಂಡು, ಕೈ ಬ್ರೇಕು ಹಿಡಿಯುವುದಕ್ಕೇ ಒಂದು ಸೆಕೆಂಡು ಬೇಕು. ಅಷ್ಟರಲ್ಲಿ ಎರಡು ಮಾರಿಗಿಂತ ಹೆಚ್ಚು ದೂರ ಹೋಗಿಬಿಟ್ಟಿರುತ್ತೇವೆ. ಆಮೇಲೆ ಗಾಲಿ ನಿಲ್ಲಲು ಇನ್ನೂ ಒಂದೆರಡು ಮಾರು. ಒಟ್ಟು ನಾಲ್ಕು ಮಾರು ಎಂದು ಇಟ್ಟುಕೊಳ್ಳಿ. ಇದು ಒಣ ನೆಲದ, ಒಳ್ಳೆಯ ಬ್ರೇಕಿನ ಲೆಕ್ಕ. ಇಳಿಜಾರಿನಲ್ಲಿ ವೇಗ 30 ಕಿಲೋಮೀಟರಾದರೆ ದೂರ ಎರಡು ಪಟ್ಟಾಗುತ್ತದೆ ಎಂದು ತಿಳಿಯಬೇಡಿ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಸೈಕಲ್ಲು ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಅದರ ಮೇಲೆ ಮಳೆ, ಕೆಂಪು ಮಣ್ಣಿನ ಕೆಸರು, ಕ್ಯಾರಿಯರಿನ ಮೇಲೆ ಹಾಲಿನ ಕ್ಯಾನು ಅಥವಾ ಒಂದು ಚೀಲ ಹಿಂಡಿ ಇದ್ದರೆ ಹದಿನೈದು ಮಾರು ಬಿಟ್ಟರೂ ಸೈಕಲ್ಲು ನಿಲ್ಲಲಾರದು. ನಮ್ಮ ಕಾಲುದಾರಿಯ ಎಷ್ಟು ತಿರುವುಗಳಲ್ಲಿ ಮುಂದಿನ ಹದಿನೈದು ಮಾರು ಕಣ್ಣಿಗೆ ಕಾಣುತ್ತದೆ? ನೀವೇ ಹೇಳಿ.

ಆದುದರಿಂದ ಸೈಕಲ್ಲಿನವನಿಗೆ ಮೊದಲನೆಯ ನಿಯಮ ಇದು: ಕಣ್ಣಿಗೆ ಕಾಣುವಷ್ಟು ದೂರದೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೋಗಬೇಕು. ತಿರುವು ಕಾಣದಿದ್ದರೆ ನಡಿಗೆಯ ವೇಗ. ಇಳಿಜಾರು ಜಾರುತ್ತಿದ್ದರೆ ಇಳಿದು ತಳ್ಳಬೇಕು. ಸೈಕಲ್ಲಿನಿಂದ ಇಳಿದರೆ ಮರ್ಯಾದೆ ಹೋಗುವುದಿಲ್ಲ.

ಎರಡನೆಯದು ಬೆಲ್ಲಿನ ವಿಷಯ. ಹತ್ತು ಹನ್ನೆರಡು ಮಾರು ದೂರದಿಂದಲೇ ಒಮ್ಮೆ ಬೆಲ್ಲು ಹೊಡೆಯಬೇಕು. ಆಮೇಲೆ ವೇಗ ತಗ್ಗಿಸಿ, ಮುಂದಿನವರಿಗೆ ಕೇಳಿತೋ ಇಲ್ಲವೋ ನೋಡಬೇಕು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕೊಪ್ಪೆಯ ಮೇಲೆ ಹನಿ ಬೀಳುವ ಸದ್ದಿಗೆ ಬೆಲ್ಲು ಕೇಳುವುದೇ ಇಲ್ಲ. ವಯಸ್ಸಾದವರಿಗೆ ಕಿವಿ ಮಂದ. ಈಗಿನ ಹುಡುಗರ ಕಿವಿಯಲ್ಲಿ ಮೊಬೈಲಿನ ತಂತಿ. ಬೆಲ್ಲು ಕೇಳದಿದ್ದರೆ ಬಾಯಿ ಇದೆಯಲ್ಲ? ‘ಅಕ್ಕಾ, ಬಲಗಡೆಯಿಂದ ಬರ್ತೇನಿ’ ಎಂದು ಕೂಗಿ ಹೇಳಿದರೆ ಎಷ್ಟು ಖರ್ಚು? ಬೆನ್ನಿಗೆ ಬಂದು ಟ್ರಿಣ್ ಎಂದು ಬೆದರಿಸುವುದು ತಪ್ಪು. ಬೆದರಿದ ಮನುಷ್ಯನೂ ಬೆದರಿದ ದನವೂ ಯಾವ ಕಡೆ ಹಾರುತ್ತವೆಂದು ಯಾರೂ ಹೇಳಲಾರರು.

ತಾಯಿ ಮಗು ಜೊತೆಯಾಗಿ ನಡೆಯುವಾಗ ವಿಶೇಷ ಎಚ್ಚರಿಕೆ ಬೇಕು. ತಾಯಿ ದಾರಿಯ ಒಂದು ಅಂಚಿನಲ್ಲಿ, ಮಗು ಮತ್ತೊಂದು ಅಂಚಿನಲ್ಲಿ ಇದ್ದರೆ ಬೆಲ್ಲು ಕೇಳಿದ ಕೂಡಲೆ ಮಗು ಎಲ್ಲಿದ್ದರೂ ತಾಯಿಯ ಕಡೆಗೇ ಓಡುತ್ತದೆ. ಅದು ಓಡುವುದು ಸೈಕಲ್ಲಿಗೆ ಅಡ್ಡವಾಗಿಯೇ. ಆದುದರಿಂದ ಇಬ್ಬರೂ ಒಂದೇ ಕಡೆಗೆ ಸೇರುವ ತನಕ ಸೈಕಲ್ಲು ಕಾಯಬೇಕು. ನಾಯಿ, ಕರು, ಆಡುಗಳಿಗೂ ಇದೇ ಮಾತು.

ಮೂರನೆಯದು ಸೈಕಲ್ಲಿನ ಆರೈಕೆ. ನಾವು ಎತ್ತಿನ ಗೊರಸನ್ನು ನೋಡುತ್ತೇವೆ, ನೇಗಿಲಿನ ಗುಳವನ್ನು ನೋಡುತ್ತೇವೆ. ಸೈಕಲ್ಲಿನ ಬ್ರೇಕಿನ ರಬ್ಬರನ್ನು ಮಾತ್ರ ಅದು ಸವೆದು ಕಬ್ಬಿಣ ರಿಮ್ಮಿಗೆ ಉಜ್ಜುವ ತನಕ ನೋಡುವುದಿಲ್ಲ. ವಾರಕ್ಕೊಮ್ಮೆ ಎರಡೂ ಬ್ರೇಕು ಹಿಡಿದು ಸೈಕಲ್ಲನ್ನು ತಳ್ಳಿ ನೋಡಿ. ಗಾಲಿ ತಿರುಗಿದರೆ ಬ್ರೇಕು ಸರಿಯಿಲ್ಲ. ಒದ್ದೆಯಾದ ರಿಮ್ಮಿನ ಮೇಲೆ ಬ್ರೇಕು ಕೂಡಲೆ ಕಚ್ಚುವುದಿಲ್ಲ. ಗಾಲಿಯ ಮೊದಲ ಕೆಲವು ಸುತ್ತಿನಲ್ಲಿ ಅದು ನೀರನ್ನು ಒರೆಸುತ್ತದೆ, ಅಷ್ಟೆ. ಆದ್ದರಿಂದ ಮಳೆಯಲ್ಲಿ ಇಳಿಜಾರಿನ ಮೊದಲೇ ಮೆಲ್ಲಗೆ ಬ್ರೇಕು ಹಿಡಿದು ರಿಮ್ಮನ್ನು ಒಣಗಿಸಿಕೊಳ್ಳಬೇಕು. ಕೆಸರಿನಲ್ಲಿ ಮುಂದಿನ ಬ್ರೇಕೊಂದನ್ನೇ ಗಟ್ಟಿಯಾಗಿ ಹಿಡಿದರೆ ಗಾಲಿ ಜಾರಿ ಹೋಗುತ್ತದೆ. ಎರಡನ್ನೂ ಹದವಾಗಿ ಹಿಡಿಯಬೇಕು.

ಹೊರೆಯ ವಿಷಯವನ್ನೂ ಮರೆಯಬಾರದು. ಹ್ಯಾಂಡಲಿಗೆ ಕುಡುಗೋಲು ಸಿಕ್ಕಿಸಿಕೊಂಡು ಹೋಗುವುದನ್ನು ನಾನು ದಿನವೂ ನೋಡುತ್ತೇನೆ. ಅದರ ಬಾಯಿ ನಡೆಯುವ ಮಗುವಿನ ಮುಖದ ಎತ್ತರಕ್ಕೆ ಸರಿಯಾಗಿ ಇರುತ್ತದೆ. ಕುಡುಗೋಲಿಗೆ ಗೋಣಿತಾಟು ಸುತ್ತಿ ಕ್ಯಾರಿಯರಿಗೆ ಕಟ್ಟಿರಿ. ಹುಲ್ಲಿನ ಹೊರೆ, ಬಿದಿರು ಗಳ ಇವುಗಳನ್ನು ಅಡ್ಡಲಾಗಿ ಕಟ್ಟಿದರೆ ದಾರಿಯೆಲ್ಲ ನಿಮ್ಮದೇ ಆಯಿತು. ಉದ್ದಕ್ಕೆ ಕಟ್ಟಿ, ತಳ್ಳಿಕೊಂಡು ಹೋಗಿ.

ನಾಲ್ಕನೆಯದು ದೀಪ. ಹಿಂದಿನ ಕಾಲದಲ್ಲಿ ಪೇಟೆಯಲ್ಲಿ ದೀಪವಿಲ್ಲದ ಸೈಕಲ್ಲನ್ನು ಪೊಲೀಸರು ಹಿಡಿಯುತ್ತಿದ್ದರೆಂಬುದು ಹಿರಿಯರಿಗೆ ನೆನಪಿರಬಹುದು. ಆ ಭಯ ಹೋಯಿತು, ದೀಪವೂ ಹೋಯಿತು. ಈಗ ಸಣ್ಣ ಎಲ್‌ಇಡಿ ದೀಪ ಕಡಿಮೆ ಬೆಲೆಗೆ ಸಿಗುತ್ತದೆ. ಮುಂದೆ ಬಿಳಿಯ ದೀಪ, ಹಿಂದೆ ಕೆಂಪು ದೀಪ, ಇಲ್ಲವಾದರೆ ಬೆಳಕನ್ನು ಹಿಂದಿರುಗಿಸುವ ಕೆಂಪು ಬಿಲ್ಲೆಯಾದರೂ ಇರಲಿ. ಹೊಸ ಸೈಕಲ್ಲುಗಳ ಈ ಬಿಲ್ಲೆಗಳ ಗುಣಮಟ್ಟದ ಬಗ್ಗೆ ಕೇಂದ್ರ ಸರಕಾರ 2020ರಲ್ಲಿ ಒಂದು ಆದೇಶವನ್ನೇ ಹೊರಡಿಸಿತು. ಹಳೆಯ ಸೈಕಲ್ಲಿಗೆ ನಾವೇ ಅಂಟಿಸಿಕೊಳ್ಳಬೇಕು.

ಇಷ್ಟು ಹೊತ್ತು ಸೈಕಲ್ಲಿನವರಿಗೆ ಹೇಳಿದೆ. ಒಂದೇ ಕೈಯಿಂದ ಚಪ್ಪಾಳೆ ಆಗುವುದಿಲ್ಲ. ಈಗ ನಡೆಯುವವರಿಗೆ ಎರಡು ಮಾತು.

ಕಾಲುದಾರಿಯಲ್ಲಿ ಎಡಗಡೆ ಹಿಡಿದು ನಡೆಯಿರಿ. ಹಿಂದಿನಿಂದ ಬೆಲ್ಲು ಕೇಳಿದರೆ ಹಾರಬೇಡಿ. ಇದ್ದ ಕಡೆಯಲ್ಲಿಯೇ ಇನ್ನಷ್ಟು ಅಂಚಿಗೆ ಸರಿದು ನೇರವಾಗಿ ನಡೆಯುತ್ತಿರಿ, ಇಲ್ಲವೆ ನಿಲ್ಲಿರಿ. ನೀವು ಕದಲದೆ ಇದ್ದರೆ ಬರುವವನು ತನ್ನ ದಾರಿಯನ್ನು ಕಂಡುಕೊಳ್ಳುತ್ತಾನೆ. ನಾಲ್ಕು ಜನ ಸಾಲಾಗಿ ಅಡ್ಡಕ್ಕೆ ಹರಡಿಕೊಂಡು ಮಾತಾಡುತ್ತ ನಡೆದರೆ ಸೈಕಲ್ಲಿನವನಿಗೆ ಗದ್ದೆಯ ಕೆಸರೇ ಗತಿ. ಬೆಲ್ಲು ಕೇಳಿ ಇಬ್ಬರು ಎಡಕ್ಕೆ, ಇಬ್ಬರು ಬಲಕ್ಕೆ ಓಡಿದರೆ ಇನ್ನೂ ಕಷ್ಟ. ಎಲ್ಲರೂ ಒಂದೇ ಕಡೆಗೆ ಸೇರಿರಿ. ಮಕ್ಕಳನ್ನು ಅಂಚಿನ ಕಡೆಗೆ ಇಟ್ಟುಕೊಂಡು ಕೈ ಹಿಡಿದುಕೊಳ್ಳಿರಿ. ದನ ಹೊಡೆದುಕೊಂಡು ಹೋಗುವವರು ದನಗಳ ಹಿಂದೆ ಒಬ್ಬರು, ಸಾಧ್ಯವಾದರೆ ಮುಂದೆ ಒಬ್ಬರು ಇರಬೇಕು. ತಿರುವಿನಲ್ಲಿ ಹೊರೆ ಇಳಿಸಿ ಕೂರುವುದು, ಸೈಕಲ್ಲು ನಿಲ್ಲಿಸಿ ಹರಟೆ ಹೊಡೆಯುವುದು ಬೇಡ. ನಡೆಯುವಾಗ ಮೊಬೈಲನ್ನು ನೋಡುತ್ತ ನಡೆಯಬೇಡಿ. ದಾರಿಯಲ್ಲಿ ಹಾವೂ ಇದೆ, ಹೊಂಡವೂ ಇದೆ, ಸೈಕಲ್ಲೂ ಇದೆ.

ಇಲ್ಲಿ ಒಂದು ಸಂಶಯ ಬರುತ್ತದೆ. ಶಾಲೆಯಲ್ಲಿ ಮಕ್ಕಳಿಗೆ ‘ರಸ್ತೆಯ ಬಲಕ್ಕೆ ನಡೆಯಿರಿ’ ಎಂದು ಕಲಿಸುತ್ತಾರಲ್ಲ ಎಂದು ಕೇಳಬಹುದು. ಅದೂ ಸರಿಯೇ. ಕಾಲುಹಾದಿ ಇಲ್ಲದ ಡಾಂಬರು ರಸ್ತೆಯಲ್ಲಿ ನಡೆಯುವವನು ಬಲದ ಅಂಚಿನಲ್ಲಿ ನಡೆಯಬೇಕು. ಏಕೆಂದರೆ ಆಗ ಎದುರಿನಿಂದ ಬರುವ ಲಾರಿ ಬಸ್ಸುಗಳು ಅವನ ಕಣ್ಣಿಗೆ ಕಾಣುತ್ತವೆ. ಆದರೆ ಒಂದು ಮಾರಿನ ಕಾಲುದಾರಿಯಲ್ಲಿ ಅಂತಹ ಎರಡು ಬದಿಗಳಿಲ್ಲ. ಅಲ್ಲಿ ನಡೆಯುವವನೂ ಎಡಕ್ಕೆ, ಸೈಕಲ್ಲೂ ಎಡಕ್ಕೆ, ದಾಟುವುದಾದರೆ ಬಲದಿಂದ ಎಂಬ ಒಂದೇ ರೂಢಿ ಸಾಕು. ಡಾಂಬರಿಗೆ ಹತ್ತಿದ ಕೂಡಲೆ ಬಲಕ್ಕೆ ಹೋಗಬೇಕೆಂಬುದನ್ನು ಮಕ್ಕಳಿಗೆ ಆ ಜಾಗದಲ್ಲಿಯೇ ನಿಂತು ತೋರಿಸಿಕೊಡಿ.

ಹೊಣೆ ಇಬ್ಬರದೂ ಎಂದೆ. ಹಾಗೆಂದರೆ ಇಬ್ಬರಿಗೂ ಸಮನಾದ ಹೊಣೆ ಎಂದಲ್ಲ. ಹೆಚ್ಚು ಪೆಟ್ಟು ಮಾಡಬಲ್ಲವನಿಗೆ ಹೆಚ್ಚು ಹೊಣೆ. ತಲೆಹೊರೆ ಹೊತ್ತ ಹೆಂಗಸು ಕುತ್ತಿಗೆಯನ್ನು ತಿರುಗಿಸಿ ಹಿಂದೆ ನೋಡಲಾರಳು. ಆಕೆಯ ತಲೆಯ ಮೇಲೆ ಸಿಂಬಿ, ಅದರ ಮೇಲೆ ಕಟ್ಟಿಗೆಯ ಹೊರೆ. ಆಕೆ ಬಲಗಡೆ ಇದ್ದರೂ ಸರಿ, ನಡುವೆ ಇದ್ದರೂ ಸರಿ, ಸೈಕಲ್ಲಿನವನೇ ಇಳಿಯಬೇಕು. ಕೋಲು ಊರಿ ನಡೆಯುವ ಮುದುಕರು, ಕಣ್ಣಿಲ್ಲದವರು, ಬಸುರಿ ಹೆಂಗಸರು, ಸಣ್ಣ ಮಕ್ಕಳು ಇವರಿಗೂ ನಿಯಮದ ಲೆಕ್ಕ ಕೇಳಬಾರದು. ಬ್ರಿಟನ್ ದೇಶದಲ್ಲಿ 2022ರ ಜನವರಿಯಲ್ಲಿ ರಸ್ತೆ ನಿಯಮಗಳ ಪುಸ್ತಕವನ್ನು ತಿದ್ದಿ ಇದೇ ತತ್ವವನ್ನು ಬರೆದರು: ಲಾರಿಯವನು ಕಾರಿನವನಿಗೆ, ಕಾರಿನವನು ಸೈಕಲ್ಲಿನವನಿಗೆ, ಸೈಕಲ್ಲಿನವನು ನಡೆಯುವವನಿಗೆ ಎಚ್ಚರಿಕೆ ತೋರಬೇಕು, ನಡೆಯುವವನೂ ತನ್ನ ಎಚ್ಚರಿಕೆಯಲ್ಲಿರಬೇಕು ಎಂದು. ಜಪಾನಿನಲ್ಲಿ ಸೈಕಲ್ಲಿನ ಮೇಲೆ ಮೊಬೈಲು ಹಿಡಿದುಕೊಂಡು ಹೋಗುವವರಿಗೆ 2024ರ ನವೆಂಬರಿನಿಂದ ಶಿಕ್ಷೆಯನ್ನು ಬಿಗಿಗೊಳಿಸಿದರು. ಪ್ರಪಂಚದಲ್ಲಿ 2021ರ ಒಂದೇ ವರ್ಷ ರಸ್ತೆಯ ಅಪಘಾತಗಳಲ್ಲಿ ಸುಮಾರು 11 ಲಕ್ಷ 90 ಸಾವಿರ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಅವರಲ್ಲಿ ಐವರಿಗೆ ಒಬ್ಬರಿಗಿಂತ ಹೆಚ್ಚು ಜನ ನಡೆದು ಹೋಗುತ್ತಿದ್ದವರು. ಇವುಗಳಲ್ಲಿ ಹೆಚ್ಚಿನವು ಮೋಟಾರಿನಿಂದ ಆದವು ನಿಜ. ಮೋಟಾರಿನ ಎದುರು ಸೈಕಲ್ಲಿನವನೂ ನಡೆಯುವವನೂ ಒಂದೇ ದೋಣಿಯವರು. ಅವರಿಬ್ಬರೇ ಒಬ್ಬರಿಗೊಬ್ಬರು ಪೆಟ್ಟು ಮಾಡಿಕೊಂಡರೆ ಹೇಗೆ?

ಕಾಯಿದೆಯ ಮಾತನ್ನೂ ತಿಳಿದಿರಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮಿನಂತೆ, ಸಾರ್ವಜನಿಕ ದಾರಿಯಲ್ಲಿ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ವಾಹನ ನಡೆಸಿದವನಿಗೆ ಅಥವಾ ಸವಾರಿ ಮಾಡಿದವನಿಗೆ ಆರು ತಿಂಗಳ ವರೆಗೆ ಸೆರೆ, ಅಥವಾ ಒಂದು ಸಾವಿರ ರೂಪಾಯಿ ವರೆಗೆ ದಂಡ, ಅಥವಾ ಎರಡೂ ಆಗಬಹುದು. ಇದು ಮೋಟಾರಿಗೆ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಇನ್ನೊಂದು ಮಾತು. ಮೋಟಾರು ವಾಹನಕ್ಕೆ ವಿಮೆ ಕಡ್ಡಾಯ, ಸೈಕಲ್ಲಿಗೆ ಅಂತಹ ಕಡ್ಡಾಯದ ವಿಮೆ ಇಲ್ಲ. ಸೈಕಲ್ಲು ತಾಗಿ ಒಬ್ಬರ ಎಲುಬು ಮುರಿದರೆ ಆ ಖರ್ಚು ಇಬ್ಬರಲ್ಲಿ ಒಬ್ಬರ ಮನೆಯಿಂದಲೇ ಬರಬೇಕು. ನಮ್ಮ ಮನೆಯ ಎತ್ತು ಹೀಗೆಯೇ ಹೋಯಿತು.

ನಮ್ಮ ರಾಜ್ಯದಲ್ಲಿ 2006-07ನೆಯ ಸಾಲಿನಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಹಲವು ವರ್ಷ ನಡೆಯಿತು. ದೂರದ ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳು ಅದರ ಮೇಲೆಯೇ ಹೈಸ್ಕೂಲು ಮುಗಿಸಿದರು. ಸೈಕಲ್ಲು ಬಹಳ ಒಳ್ಳೆಯ ವಾಹನ. ಅದಕ್ಕೆ ಎಣ್ಣೆ ಬೇಡ, ಮೇವು ಬೇಡ. ನಾನು ಸೈಕಲ್ಲನ್ನು ಬಿಡಿರೆಂದು ಹೇಳುತ್ತಿಲ್ಲ. ಆದರೆ ಮಗುವಿನ ಕೈಗೆ ಸೈಕಲ್ಲು ಕೊಡುವ ದಿನವೇ ಬ್ರೇಕು, ಬೆಲ್ಲು, ಎಡ ಬಲಗಳನ್ನು ಕಲಿಸಿಕೊಡುವುದು ತಂದೆ ತಾಯಿಗಳ ಕೆಲಸ. ಈಗ ಕಾಲುದಾರಿಯಲ್ಲಿ ಮೋಟಾರು ಸೈಕಲ್ಲನ್ನೂ ತರುತ್ತಾರೆ. ಬ್ಯಾಟರಿಯ ಸೈಕಲ್ಲುಗಳೂ ಬಂದಿವೆ, ಅವು ಬರುವ ಸದ್ದೇ ಕೇಳುವುದಿಲ್ಲ. ನಾನು ಹೇಳಿದ ನಿಯಮ ಅವರಿಗೆ ಎರಡು ಪಟ್ಟು ಅನ್ವಯಿಸುತ್ತದೆ.

ಕೆಲವು ಕೆಲಸಗಳು ಒಬ್ಬೊಬ್ಬರಿಂದ ಆಗತಕ್ಕವಲ್ಲ, ಊರು ಕೂಡಿ ಮಾಡಬೇಕಾದವು.

ಮೊದಲನೆಯದು, ತಿರುವುಗಳನ್ನು ಬಯಲು ಮಾಡುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಲಂಟಾನದ ಪೊದೆ ಆಳೆತ್ತರ ಬೆಳೆದು ದಾರಿಯನ್ನು ಮುಚ್ಚುತ್ತದೆ. ದೀಪಾವಳಿಯ ಮೊದಲು ಒಂದು ದಿನ ಊರವರೆಲ್ಲ ಸೇರಿ ಅದನ್ನು ಸವರಬೇಕು. ದಾರಿ ಅರಣ್ಯದ ಜಾಗದಲ್ಲಿದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಬೇಕು. ತಿರುವಿನ ಮೂಲೆಯಲ್ಲಿ ಹೊಲವಿರುವ ರೈತರು ಆ ಮೂಲೆಯ ನಾಲ್ಕು ಮಾರಿನಲ್ಲಿ ಕಬ್ಬು, ಗೋವಿನಜೋಳಗಳನ್ನು ಬಿಟ್ಟು ಉದ್ದು, ಶೇಂಗಾ ಮುಂತಾದ ಗಿಡ್ಡ ಬೆಳೆಯನ್ನು ಹಾಕಿದರೆ ಆಚೆಯವರು ಈಚೆಗೆ ಕಾಣುತ್ತಾರೆ. ನಿಮ್ಮ ಬೆಳೆಯಲ್ಲಿ ಹೆಚ್ಚೇನೂ ಕಡಿಮೆಯಾಗುವುದಿಲ್ಲ.

ಎರಡನೆಯದು, ಹೊಂಡ ಮುಚ್ಚಿ ನೀರನ್ನು ಬದಿಗೆ ಹರಿಸುವುದು. ಸೈಕಲ್ಲಿನವನು ತಟ್ಟನೆ ಬಲಕ್ಕೆ ಎಳೆಯುವುದು ಹೆಚ್ಚಾಗಿ ಹೊಂಡವನ್ನು ತಪ್ಪಿಸಲಿಕ್ಕೆ. ಹೊಂಡವಿಲ್ಲದಿದ್ದರೆ ಅವನು ನೇರವಾಗಿ ಹೋಗುತ್ತಾನೆ. ಒಂದೂವರೆ ಮಾರಿಗಿಂತ ಕಿರಿದಾದ ಉದ್ದನೆಯ ದಾರಿಯಲ್ಲಿ ಅಲ್ಲಲ್ಲಿ ಪಕ್ಕಕ್ಕೆ ಸರಿದು ನಿಲ್ಲಲು ಗಟ್ಟಿನೆಲದ ತಾವು ಮಾಡಬೇಕು. ಇಂತಹ ಕೆಲಸಗಳನ್ನು ಗ್ರಾಮಸಭೆಯಲ್ಲಿ ಎತ್ತಿ ಪಂಚಾಯತಿಯ ಕ್ರಿಯಾಯೋಜನೆಯಲ್ಲಿ ಸೇರಿಸಲು ಕೇಳುವ ಹಕ್ಕು ನಿಮಗಿದೆ. ಬಾಯಿಂದ ಹೇಳಿ ಸುಮ್ಮನಾಗಬೇಡಿ. ನಡವಳಿಯ ಪುಸ್ತಕದಲ್ಲಿ ಬರೆಯಿಸಿರಿ.

ಮೂರನೆಯದು, ಸಂಕದ ನಿಯಮ. ಸಂಕದ ಮೇಲೆ ಸೈಕಲ್ಲು ತುಳಿಯಲೇಬಾರದು, ಇಳಿದು ತಳ್ಳಬೇಕು. ಯಾರು ಮೊದಲು ಸಂಕದ ಮೇಲೆ ಕಾಲಿಟ್ಟರೋ ಅವರು ದಾಟುವ ತನಕ ಇನ್ನೊಬ್ಬರು ದಡದಲ್ಲಿ ಕಾಯಬೇಕು. ಎರಡೂ ದಡಕ್ಕೆ ಒಟ್ಟಿಗೆ ಬಂದರೆ ಹೊರೆ ಇದ್ದವರಿಗೆ ಮೊದಲ ದಾರಿ.

ನಾಲ್ಕನೆಯದು, ಸಂಜೆಯ ದಾರಿ. ಕತ್ತಲಾದ ಮೇಲೆ ನಡೆಯುವವರೂ ಬ್ಯಾಟರಿ ಹಿಡಿಯಬೇಕು, ತಿಳಿಬಣ್ಣದ ಬಟ್ಟೆಯನ್ನೋ ಬಿಳಿಯ ಟವೆಲನ್ನೋ ಹೆಗಲ ಮೇಲೆ ಹಾಕಿಕೊಳ್ಳಬೇಕು. ಬ್ಯಾಟರಿಯ ಬೆಳಕನ್ನು ನೆಲಕ್ಕೆ ಬಿಡಬೇಕು. ಎದುರಿನವರ ಕಣ್ಣಿಗೆ ಬಿಟ್ಟರೆ ಅವರು ಕುರುಡರಾಗುತ್ತಾರೆ. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಗದ್ದೆಗೆ ಆನೆ ಇಳಿಯುವುದುಂಟು, ಕರಡಿಯ ಭಯವೂ ಉಂಟು. ಆದ್ದರಿಂದ ಕಾಡಿನ ಬದಿಯ ದಾರಿಯಲ್ಲಿ ಸಂಜೆ ಸೈಕಲ್ಲಿನವನು ಒಬ್ಬಂಟಿಯಾಗಿ ಓಡಿಸಿಕೊಂಡು ಹೋಗುವುದಕ್ಕಿಂತ, ಇಳಿದು ನಡೆಯುವವರ ಜೊತೆಗೆ ಮಾತಾಡುತ್ತ ಹೋಗುವುದು ಇಬ್ಬರಿಗೂ ಕ್ಷೇಮ.

ಇಷ್ಟು ಮಾಡಿದರೂ ಒಮ್ಮೊಮ್ಮೆ ಅಪಘಾತ ಆಗುತ್ತದೆ. ಆಗ ಓಡಿಹೋಗಬಾರದು. ಬಿದ್ದವರನ್ನು ಕೈ ಹಿಡಿದು ಎಳೆದು ಎಬ್ಬಿಸಲೂ ಬಾರದು. ಸೊಂಟ, ತೊಡೆ, ಕುತ್ತಿಗೆ, ಬೆನ್ನು ನೋಯುತ್ತದೆಂದರೆ ಇದ್ದ ಹಾಗೆಯೇ ಮಲಗಿಸಿ, ಮೇಲೆ ಕಂಬಳಿ ಹೊದಿಸಿ, 108ಕ್ಕೆ ಫೋನು ಮಾಡಬೇಕು. ರಕ್ತ ಸೋರುತ್ತಿದ್ದರೆ ಶುದ್ಧವಾದ ಬಟ್ಟೆಯನ್ನು ಒತ್ತಿ ಹಿಡಿಯಬೇಕು. ತಲೆಗೆ ಪೆಟ್ಟಾದವರು ‘ನನಗೇನೂ ಆಗಿಲ್ಲ’ ಎಂದರೂ ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ನೆರವಾದವನಿಗೇ ಪೊಲೀಸರ ತೊಂದರೆ ಆದೀತೆಂದು ಕೆಲವರು ದೂರ ನಿಲ್ಲುತ್ತಾರೆ. ಅಂತಹ ನೆರವುಗಾರರ ರಕ್ಷಣೆಗಾಗಿಯೇ ಕರ್ನಾಟಕದಲ್ಲಿ 2016ರ ಒಂದು ಕಾಯಿದೆ ಇದೆ. ಹೆದರುವ ಕಾರಣವಿಲ್ಲ.

ಬಾಂಧವರೇ, ಬಹಳ ಮಾತಾಡಿದೆ. ಮನೆಗೆ ಹೋಗುವಾಗ ಇವಿಷ್ಟನ್ನು ನೆನಪಿನಲ್ಲಿಟ್ಟುಕೊಂಡು ಹೋಗಿರಿ. ಕಾಲುದಾರಿಯಲ್ಲಿ ಎಲ್ಲರೂ ಎಡಕ್ಕೆ. ದಾಟುವವನು ಬಲದಿಂದ, ದೂರದಿಂದಲೇ ಹೇಳಿ, ಮೆಲ್ಲಗೆ. ಬೆಲ್ಲು ಕೇಳಿದವನು ಹಾರದೆ ಇದ್ದ ಕಡೆಯಲ್ಲಿಯೇ ಇರಬೇಕು. ತಲೆಹೊರೆ, ಮುಪ್ಪು, ಮಗು ಕಂಡರೆ ಸೈಕಲ್ಲಿನಿಂದ ಇಳಿಯಬೇಕು. ಕಾಣದ ತಿರುವಿನಲ್ಲಿ ನಡಿಗೆಯ ವೇಗ. ಶಾಲೆಯ ಗುರುಗಳು ಇವನ್ನು ಗೋಡೆಯ ಮೇಲೆ ಬರೆಯಿಸಿದರೆ ಉಪಕಾರವಾಗುತ್ತದೆ. ಸ್ತ್ರೀಶಕ್ತಿ ಸಂಘದ ಅಕ್ಕಂದಿರು ತಮ್ಮ ವಾರದ ಸಭೆಯಲ್ಲಿ ಓದಿ ಹೇಳಬಹುದು. ಮರಾಠಿ, ಕೊಂಕಣಿ ಆಡುವ ಮನೆಗಳಲ್ಲಿ ಅವರವರ ಮಾತಿನಲ್ಲಿಯೇ ಹೇಳಿರಿ.

ಆ ತಾಯಿಯ ಕತೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಆಕೆ ಮತ್ತೆ ನಡೆದಳು, ಆದರೆ ಕೋಲಿನ ಮೇಲೆ. ತಲೆಯ ಮೇಲೆ ಹೊರೆ ಹೊರುವುದು ಮತ್ತೆ ಆಗಲಿಲ್ಲ. ಎರಡು ವರ್ಷ ನಾನು ದಿನವೂ ಸಂಜೆ ಆಕೆಯ ಎಮ್ಮೆಗೆ ಒಂದು ಹೊರೆ ಹುಲ್ಲು ತಂದು ಹಾಕಿದೆ. ಹುಲ್ಲನ್ನು ಸೈಕಲ್ಲಿಗೆ ಕಟ್ಟಿ, ತಳ್ಳಿಕೊಂಡೇ ತರುತ್ತಿದ್ದೆ. ಆಕೆ ತೀರಿಹೋಗಿ ಬಹಳ ವರ್ಷಗಳಾದವು. ಆ ತಿರುವು ಇನ್ನೂ ಇದೆ. ಇಂದಿಗೂ ನಾನು ಅಲ್ಲಿ ಸೈಕಲ್ಲಿನಿಂದ ಇಳಿದು ನಡೆಯುತ್ತೇನೆ. ಎದುರಿಗೆ ಯಾರೂ ಇಲ್ಲದಿದ್ದರೂ ಇಳಿಯುತ್ತೇನೆ. ಹುಡುಗರು ನೋಡಿ ನಗುತ್ತಾರೆ. ಈ ಕಾರಣವನ್ನು ಕೇಳಿದ ಮೇಲೆ ಅವರಲ್ಲಿ ಇಬ್ಬರು ಮೂವರು ತಾವೂ ಇಳಿಯಲು ತೊಡಗಿದ್ದಾರೆ.

ಇಂದು ರಾತ್ರಿ ಊಟಕ್ಕೆ ಕೂರುವ ಮೊದಲು ನಿಮ್ಮ ಮನೆಯ ಸೈಕಲ್ಲಿನ ಬ್ರೇಕನ್ನು ಒಮ್ಮೆ ಹಿಡಿದು ನೋಡಿರಿ. ಸರಿಯಿಲ್ಲದಿದ್ದರೆ ನಾಳೆ ರಿಪೇರಿಯಾಗುವ ತನಕ ಅದನ್ನು ಹತ್ತಬೇಡಿ. ಇಷ್ಟನ್ನು ಬೇಡಿಕೊಂಡು ನನ್ನ ಮಾತನ್ನು ಮುಗಿಸುತ್ತೇನೆ.